‘ನಡೆಯಲಿದೆ’ಯೋ, ‘ನಡೆಯಿತೋ’? ಸಾಲಿ ಸಂಚಿಕೆ ಬರೆಯುವಾಗ ಕ್ರಿಯಾಪದದ ಕಾಲ ತಪ್ಪದಿರಲಿ

ಗದಗ: ಡಿಸೆಂಬರ್ ಬಂತಂದ್ರ ನಮ್ಮ ಕಡೆ ಸಾಲಿಗಳಲ್ಲಿ ಗ್ಯಾದರಿಂಗ್ ಗದ್ದಲ. ಅದರ ಬೆನ್ನಿಗೇ ವಾರ್ಷಿಕ ಸಂಚಿಕೆಯ ಕೆಲಸ. ನೂರು ವರ್ಷ ತುಂಬಿದ ಸಾಲಿಯಾದರೆ ಶತಮಾನೋತ್ಸವದ ಸ್ಮರಣ ಸಂಚಿಕೆ, ಹಳೆಯ ವಿದ್ಯಾರ್ಥಿಗಳು ಗುರುವಂದನೆ ಇಟ್ಟುಕೊಂಡರೆ ಅದಕ್ಕೂ ಒಂದು ಪುಸ್ತಕ. ಹಿರೇಹಂದಿಗೋಳದಂಥ ಊರಿರಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಂಥ ಪೇಟೆ ಇರಲಿ, ರೂಢಿ ಒಂದೇ. ಮಕ್ಕಳು ಬರೀತಾರ, ಗುರುಗಳು ತಿದ್ದತಾರ, ಅಂಗಡಿಯವರು ಜಾಹೀರಾತು ಕೊಡತಾರ, ಗದಗ-ಬೆಟಗೇರಿಯ ಪ್ರೆಸ್ಸಿನಲ್ಲಿ ಅಚ್ಚಾಗಿ ಬರತೈತಿ. ಗದುಗಿಗೆ ಮುದ್ರಣ ಕಾಶಿ ಅನ್ನೋ ಹೆಸರು ಸುಮ್ಮನೆ ಬಂದದ್ದಲ್ಲ.

ಇಂಥ ಪುಸ್ತಕದಲ್ಲಿ ಕಾಗುಣಿತ ತಪ್ಪಿದ್ದರೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಯಾರಾದರೂ ಒಬ್ಬರು ಬೈದು ತಿದ್ದಿಸುತ್ತಾರೆ. ಯಾರ ಕಣ್ಣಿಗೂ ಬೀಳದೆ ಅಚ್ಚಾಗಿ ಹೋಗುವ ತಪ್ಪು ಎಂದರೆ ಕ್ರಿಯಾಪದದ ಕಾಲ. ಎಡಗಡೆ ಪುಟದಲ್ಲಿ ‘ಸ್ನೇಹ ಸಮ್ಮೇಳನವು ಅದ್ದೂರಿಯಾಗಿ ನಡೆಯಲಿದೆ’ ಎಂದಿರುತ್ತದೆ. ಬಲಗಡೆ ಪುಟದಲ್ಲಿ ಅದೇ ಸಮ್ಮೇಳನದ ಫೋಟೊ! ಆಮಂತ್ರಣ ಪತ್ರಿಕೆಗೆಂದು ಟೈಪ್ ಮಾಡಿದ ವಾಕ್ಯವನ್ನೇ ಎತ್ತಿ ವರದಿಯಲ್ಲಿ ಕೂರಿಸಿದರೆ ಆಗುವುದು ಹೀಗೆ.

ಇದು ನಕ್ಕು ಬಿಡಬಹುದಾದ ತಪ್ಪು. ನಗು ಬಾರದ ತಪ್ಪೂ ಐತಿ. ಗುರುವಂದನೆಯ ಪುಸ್ತಕದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಪ್ರೀತಿಯಿಂದಲೇ ಹೀಗೆ ಬರೆಯುತ್ತಾನೆ ಅನ್ನಿ: ‘ನಮ್ಮ ಗಣಿತದ ಗುರುಗಳು ಬಹಳ ಶಿಸ್ತಿನವರಾಗಿದ್ದರು. ಮಕ್ಕಳೆಂದರೆ ಅವರಿಗೆ ಪ್ರಾಣವಾಗಿತ್ತು. ಸರಳ ಜೀವಿಯಾಗಿದ್ದರು.’ ಓದಿದವರ ಬಾಯಲ್ಲಿ ಮೊದಲು ಬರುವ ಮಾತು, ‘ಅಯ್ಯ, ಯಾವಾಗ ಹೋದ್ರೋ ಪಾಪ?’ ಆ ಗುರುಗಳೋ, ವೇದಿಕೆಯ ಮುಂದಿನ ಸಾಲಿನಲ್ಲಿ ಶಾಲು ಹೊದ್ದು, ಹಣ್ಣಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು, ತಮ್ಮ ಬಗ್ಗೆಯೇ ಇದನ್ನು ಓದುತ್ತಾ ಕೂತಿರುತ್ತಾರೆ. ಮೂರು ವಾಕ್ಯದ ಕೊನೆಯ ಮೂರು ಪದ ಸೇರಿ ಇದ್ದವರನ್ನು ಇಲ್ಲದವರನ್ನಾಗಿ ಮಾಡಿಬಿಟ್ಟವು.

ವ್ಯಾಕರಣ ಸಾಲಿಯವರಿಗೆ, ನಮಗ್ಯಾಕ ಅಂತ ಅಂಗಡಿ ಯಜಮಾನರು ಕೇಳಬಹುದು. ಈ ಪುಸ್ತಕಕ್ಕೆ ರೊಕ್ಕ ಹಾಕುವವರು ನೀವು, ನಿಮ್ಮ ಮಕ್ಕಳ ಹೆಸರು ಇರುವುದು ಇದರಲ್ಲಿ. ಇನ್ನೊಂದು ಮಾತು, ಊರಿನ ಸಾಲಿಗೆ ಬೇರೆ ಇತಿಹಾಸ ಪುಸ್ತಕ ಇರುವುದಿಲ್ಲ. ಜನರಲ್ ರಜಿಸ್ಟರ್ ತೆಗೆದರೆ ಮಕ್ಕಳ ಹೆಸರು, ಜನ್ಮ ದಿನಾಂಕ, ಸೇರಿದ ದಿನ, ಬಿಟ್ಟ ದಿನ ಸಿಗುತ್ತದೆ. ಭೂಮಿ ಕೊಟ್ಟವರು ಯಾರು, ಹಂಚಿನ ಕೋಣೆ ಬಿಚ್ಚಿ ಆರ್‌ಸಿಸಿ ಹಾಕಿದ್ದು ಯಾವಾಗ, ಯಾವ ಮಾಸ್ತರು ಯಾವ ಕಾಲದಲ್ಲಿದ್ದರು ಎಂಬುದೆಲ್ಲ ಉಳಿಯುವುದು ಇಂಥ ಸಂಚಿಕೆಯ ಲೇಖನಗಳಲ್ಲಿ. ಮೂವತ್ತು ವರ್ಷದ ಮೇಲೆ ಯಾರೋ ತೆಗೆದು ಓದಿದಾಗ ಬರೆದವರು ಪಕ್ಕದಲ್ಲಿ ನಿಂತು ‘ಹಂಗಲ್ರೀ, ಹಿಂಗ’ ಎಂದು ಹೇಳಲಿಕ್ಕೆ ಬರುವುದಿಲ್ಲ. ಆಗ ಹೇಳುವುದು ಕ್ರಿಯಾಪದವೇ.

ನೀವು ನಿಂತಿರುವ ದಿನ ಯಾವುದು?

ಸಾಲಿಯಲ್ಲಿ ಕಲಿತದ್ದು ಮೂರು ಕಾಲ. ವರ್ತಮಾನಕ್ಕೆ ‘ಉತ್ತ’, ಭೂತಕ್ಕೆ ‘ದ’, ಭವಿಷ್ಯತ್ತಿಗೆ ‘ವ’. ಮಾಡುತ್ತಾನೆ, ಮಾಡಿದನು, ಮಾಡುವನು. 13ನೇ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣದಲ್ಲೂ ಮೂರೇ ಕಾಲ. ಆಗ ವರ್ತಮಾನಕ್ಕೆ ‘ದಪ’ ಅನ್ನುವ ಪ್ರತ್ಯಯ ಇತ್ತು, ಇವತ್ತಿನ ‘ಉತ್ತ’ ಆಮೇಲೆ ಬಂದದ್ದು. ಭೂತದ ‘ದ’, ಭವಿಷ್ಯತ್ತಿನ ‘ವ’ ಮಾತ್ರ ಅವತ್ತಿನವೇ ಇವತ್ತಿಗೂ ನಡೆದಿವೆ.

ತೊಡಕು ಎಲ್ಲಿ ಅಂದ್ರ, ಮಾತಿನಲ್ಲಿ ‘ಮಾಡುವನು’ ಅಂತ ಯಾರೂ ಅನ್ನುವುದಿಲ್ಲ. ‘ನಾಳೆ ಸಂತಿಗೆ ಹೋಗ್ತೀನಿ’ ಅಂತೀವಿ. ದಿನಾ ಹೋಗುವುದಕ್ಕೂ ‘ಹೋಗ್ತೀನಿ’, ನಾಳೆ ಹೋಗುವುದಕ್ಕೂ ‘ಹೋಗ್ತೀನಿ’. ಎದುರಿಗೆ ನಿಂತು ಕೇಳುವವನಿಗೆ ಗೊಂದಲ ಇಲ್ಲ. ಪುಸ್ತಕ ಓದುವವನಿಗೆ ಐತಿ. ‘ಸಾಲಿಗೆ ಹೊಸ ಕೋಣೆ ಕಟ್ಟುತ್ತಾರೆ’ ಎಂದರೆ ಈಗ ಕಟ್ಟುತ್ತಿದ್ದಾರೋ, ಮುಂದೆ ಕಟ್ಟುವವರಿದ್ದಾರೋ, ಅದನ್ನು ಬರೆದವನೇ ಹೇಳಬೇಕು.

ಅದಕ್ಕೇ ಒಂದಕ್ಷರ ಬರೆಯುವ ಮೊದಲು ಸಂಪಾದಕ ಮಂಡಳಿ ಒಂದು ದಿನ ಗೊತ್ತು ಮಾಡಿಕೊಳ್ಳಬೇಕು. ಲೇಖನ ಬರೆಯುವುದು ನವೆಂಬರಿನಲ್ಲಿ, ಅಚ್ಚಾಗುವುದು ಜನವರಿಯಲ್ಲಿ, ಓದುವುದು ಯಾವಾಗಲೋ. ಬರೆಯುವವರೆಲ್ಲ ಪುಸ್ತಕ ಬಿಡುಗಡೆಯಾಗುವ ದಿನದ ಮೇಲೆ ನಿಂತಿದ್ದೇವೆ ಎಂದು ಭಾವಿಸಿಕೊಂಡು ಬರೆಯಬೇಕು. ಆ ದಿನಕ್ಕಿಂತ ಹಿಂದಿನದೆಲ್ಲ ಆಗಿಹೋದದ್ದು. ಆ ದಿನವೂ ಇರುವುದು ಇದೆ. ಅದರ ಮುಂದಿನದು ಮಾತ್ರ ‘ಲಿದೆ’.

ಗ್ಯಾದರಿಂಗ್ ವೇದಿಕೆಯ ಮೇಲೇ ಪುಸ್ತಕ ಬಿಡುಗಡೆ ಆಗುವುದಾದರೆ, ಆ ಗ್ಯಾದರಿಂಗಿನ ವರದಿ ಆ ಪುಸ್ತಕದಲ್ಲಿ ಇರಲಿಕ್ಕೇ ಸಾಧ್ಯವಿಲ್ಲ. ಮೊದಲೇ ಊಹಿಸಿ ‘ಸಾವಿರಾರು ಜನ ಸೇರಿದ್ದರು’ ಎಂದು ಬರೆದಿಟ್ಟರೆ, ಅವತ್ತು ಮಳೆ ಬಂದು ಕಾರ್ಯಕ್ರಮ ಮುಂದಕ್ಕೆ ಹೋದರೆ ಏನು ಮಾಡುತ್ತೀರಿ? ಹೋದ ವರ್ಷದ್ದನ್ನು ಈ ಸಲ ಹಾಕಿ. ಈ ವರ್ಷದ್ದೇ ಬೇಕು ಅಂದ್ರ ಬಿಡುಗಡೆಯನ್ನು ಮಾರ್ಚ್ ತಿಂಗಳ ಬೀಳ್ಕೊಡುಗೆ ಸಮಾರಂಭಕ್ಕೆ ಇಟ್ಟುಕೊಳ್ಳಿ.

ಒಂದು ವರದಿ ಬಿಚ್ಚಿ ನೋಡೋಣ

ಕೆಳಗಿನ ತುಣುಕು ಯಾವ ಸಾಲಿಯದೂ ಅಲ್ಲ, ತಿಳಿಸಿ ಹೇಳಲಿಕ್ಕೆ ನಾವೇ ಕಟ್ಟಿದ್ದು. ಆದರೆ ಇಂಥದ್ದನ್ನು ನೀವು ಓದಿಯೇ ಇರುತ್ತೀರಿ.

‘ಜೂನ್ 5ರಂದು ವಿಶ್ವ ಪರಿಸರ ದಿನವನ್ನು ಆಚರಿಸಲಾಯಿತು. ಮಕ್ಕಳು ಬೆಳಿಗ್ಗೆಯೇ ಬಂದು ಸಸಿ ನೆಡುತ್ತಾರೆ. ಎಸ್‌ಡಿಎಂಸಿ ಅಧ್ಯಕ್ಷರು ಮಾತನಾಡಲಿದ್ದಾರೆ. ಎಲ್ಲರಿಗೂ ಸಿಹಿ ಹಂಚಿದ್ದಾರೆ. ಮಕ್ಕಳು ಪ್ರತಿದಿನ ಸಸಿಗಳಿಗೆ ನೀರು ಹಾಕುತ್ತಿದ್ದರು.’

ಐದು ವಾಕ್ಯ, ಐದು ಕಾಲ. ಬಂದ ದಾರಿ ನೋಡಿದರೆ ಮಕ್ಕಳದ್ದು ತಪ್ಪೆಂದು ಹೇಳಲಿಕ್ಕೂ ಆಗುವುದಿಲ್ಲ. ‘ಆಚರಿಸಲಾಯಿತು’ ಸಾಲಿಯ ವರದಿ ಪುಸ್ತಕದ್ದು. ‘ನೆಡುತ್ತಾರೆ’ ಎಂಬುದು ಪ್ರಬಂಧ ಬರೆದ ಹುಡುಗಿಯದು, ಅವಳ ಕಣ್ಣ ಮುಂದೆ ಇನ್ನೂ ನಡೆಯುತ್ತಿದೆ. ‘ಮಾತನಾಡಲಿದ್ದಾರೆ’ ಆಮಂತ್ರಣದಿಂದ ಬಂತು. ‘ಹಂಚಿದ್ದಾರೆ’ ಅವತ್ತೇ ಸಂಜೆ ವಾಟ್ಸ್ಆ್ಯಪ್ ಗುಂಪಿಗೆ ಯಾರೋ ಹಾಕಿದ್ದು. ಎಲ್ಲ ಕೂಡಿಸಿ ಅಂಟಿಸಿದಾಗ ಯಾರೂ ಒಂದು ಸಲ ಮೇಲಿಂದ ಕೆಳಗೆ ಓದಿಲ್ಲ, ಅಷ್ಟೇ.

ಕೊನೆಯ ‘ಹಾಕುತ್ತಿದ್ದರು’ ಎಲ್ಲಕ್ಕಿಂತ ಕೆಟ್ಟದ್ದು, ಯಾಕಂದ್ರ ಮೇಲ್ನೋಟಕ್ಕೆ ತಪ್ಪೇ ಅನ್ನಿಸುವುದಿಲ್ಲ. ‘ಪ್ರತಿದಿನ ನೀರು ಹಾಕುತ್ತಿದ್ದರು’ ಎಂದರೆ ಈಗ ಹಾಕುತ್ತಿಲ್ಲ ಎಂಬ ಅರ್ಥ ಒಳಗೆ ಕೂತಿದೆ. ಸಸಿ ಒಣಗಿದವೇನೋ ಎಂದು ಓದುಗ ಅಂದುಕೊಳ್ಳುತ್ತಾನೆ. ಮಕ್ಕಳು ಈಗಲೂ ನೀರು ಹಾಕುತ್ತಿದ್ದರೆ ಅಲ್ಲಿ ವರ್ತಮಾನವೇ ಬರಬೇಕು.

ತಿದ್ದಿದ ಮೇಲೆ: ‘ಜೂನ್ 5ರಂದು ವಿಶ್ವ ಪರಿಸರ ದಿನ ಆಚರಿಸಿದೆವು. ಮಕ್ಕಳು ಬೆಳಿಗ್ಗೆಯೇ ಬಂದು ಸಸಿ ನೆಟ್ಟರು. ಎಸ್‌ಡಿಎಂಸಿ ಅಧ್ಯಕ್ಷರು ಮಾತನಾಡಿದರು. ಎಲ್ಲರಿಗೂ ಸಿಹಿ ಹಂಚಲಾಯಿತು. ಆ ಸಸಿಗಳಿಗೆ ಮಕ್ಕಳು ಇಂದಿಗೂ ಪ್ರತಿದಿನ ನೀರು ಹಾಕುತ್ತಾರೆ.’

ಕೊನೆಯ ವಾಕ್ಯ ಬೇರೆ ಕಾಲದಲ್ಲಿದೆಯಲ್ಲ ಎಂದು ಕೇಳಬೇಡಿ. ಕಾಲ ಒಂದೇ ಇರಬೇಕು ಎಂದರೆ ಪುಸ್ತಕವೆಲ್ಲ ‘ದರು, ದರು’ ಎಂದು ಮುಗಿಯಬೇಕು ಅಂತಲ್ಲ. ಸಂಗತಿ ಬದಲಾದಾಗ ಕಾಲ ಬದಲಾಗಲಿ, ಸಂಗತಿ ಬದಲಾಗದೆ ಕಾಲ ಬದಲಾಗಬಾರದು. ಇಲ್ಲಿ ‘ಇಂದಿಗೂ’ ಎಂಬ ಒಂದು ಪದ ಓದುಗನ ಕೈ ಹಿಡಿದು ದಾಟಿಸಿತು.

ಬಂತು, ಬಂದೈತಿ, ಬಂದಿತ್ತು

ಭೂತಕಾಲದ ಒಳಗೇ ಒಂದೆರಡು ಕವಲು ಅವ. ಇದನ್ನು ಅಂಗಡಿಯವರಿಗೆ ಯಾರೂ ಕಲಿಸಬೇಕಿಲ್ಲ. ‘ಮಾಲು ಬಂತು’ ಎಂದರೆ ಲಾರಿ ಈಗ ಇಳಿಸಿ ಹೋಯಿತು. ‘ಮಾಲು ಬಂದೈತಿ’ ಎಂದರೆ ಅಂಗಡಿಯೊಳಗೆ ಐತಿ, ಬಂದು ಒಯ್ಯಿರಿ. ‘ಮಾಲು ಬಂದಿತ್ತು’ ಎಂದರೆ ಬಂದದ್ದು ಹೌದು, ಈಗ ಇಲ್ಲ, ಮುಗೀತು. ಗಿರಾಕಿಗೆ ಈ ಮೂರರಲ್ಲಿ ಯಾವುದನ್ನು ಹೇಳಬೇಕು ಎಂಬುದು ಕಿರಾಣಿ ಅಂಗಡಿಯ ಹುಡುಗನಿಗೂ ಗೊತ್ತು.

ಬರವಣಿಗೆಯಲ್ಲಿ ‘ಬಂದರು, ಬಂದಿದ್ದಾರೆ, ಬಂದಿದ್ದರು’ ಇದೇ ಲೆಕ್ಕ. ‘ಹೊಸ ಮುಖ್ಯೋಪಾಧ್ಯಾಯರು ಬಂದಿದ್ದಾರೆ’ ಎಂದರೆ ಬಂದು ಇದ್ದಾರೆ. ‘ಬಂದಿದ್ದರು’ ಎಂದರೆ ಬಂದು ಹೋದರು, ಇಲ್ಲವೇ ಇನ್ನೊಂದು ಸಂಗತಿ ನಡೆಯುವ ಮೊದಲೇ ಬಂದಿದ್ದರು. ದಿನಾಂಕ ಹಾಕಿ ಮುಗಿದ ಸಂಗತಿ ಹೇಳುವಾಗ ಬರಿಯ ಭೂತಕಾಲವೇ ಚೆಂದ. 1905ರಲ್ಲಿ ನಮ್ಮ ಕಣಗಿನಹಾಳದಲ್ಲಿ ಕೃಷಿ ಸಹಕಾರ ಸಂಘ ‘ಆರಂಭವಾಯಿತು’. ‘ಆರಂಭವಾಗಿದೆ’ ಎಂದು ಬರೆಯುವ ಚಾಳಿ ಪೇಪರಿನಿಂದ ಬಂದದ್ದು. ನಿನ್ನೆಯ ಸುದ್ದಿಗೆ ಅದು ನಡೆಯುತ್ತದೆ, ನೂರು ವರ್ಷದ ಹಿಂದಿನದಕ್ಕೆ ಹೊಂದುವುದಿಲ್ಲ.

ಗುರುಗಳ ಬಗ್ಗೆ ಬರೆಯುವಾಗ

ಮೊದಲು ಹೇಳಿದ ಗಣಿತದ ಗುರುಗಳ ಬಳಿಗೆ ಮತ್ತೆ ಬರೋಣ. ನಿವೃತ್ತರಾದವರ, ವರ್ಗವಾಗಿ ಹೋದವರ ಬಗ್ಗೆ ಬರೆಯುವಾಗ ಅವರು ಸಾಲಿಯಲ್ಲಿ ಮಾಡಿದ ಕೆಲಸ ಒಂದು, ಅವರ ಸ್ವಭಾವ ಇನ್ನೊಂದು. ಕೆಲಸ ಮುಗಿದಿದೆ, ಅದಕ್ಕೆ ಭೂತಕಾಲ. ಸ್ವಭಾವ ಮನುಷ್ಯ ಇರುವವರೆಗೆ ಇರುತ್ತದೆ, ಅದಕ್ಕೆ ವರ್ತಮಾನ. ‘1998ರಿಂದ 2006ರವರೆಗೆ ನಮ್ಮಲ್ಲಿ ಗಣಿತ ಕಲಿಸಿದರು. ಶಿಸ್ತಿನ ಮನುಷ್ಯ. ಈಗ ಮುಂಡರಗಿಯಲ್ಲಿ ನೆಲೆಸಿದ್ದಾರೆ, ಹಳೆಯ ಹುಡುಗರು ಸಿಕ್ಕರೆ ಇಂದಿಗೂ ಮಗ್ಗಿ ಕೇಳುತ್ತಾರೆ.’ ಹೀಗೆ ಬರೆದರೆ ಯಾರಿಗೂ ಅನುಮಾನ ಬರುವುದಿಲ್ಲ. ‘ಆಗಿದ್ದರು’ ಬಳಸಲೇಬಾರದು ಅಂತೇನಲ್ಲ. ‘1998ರಿಂದ 2006ರವರೆಗೆ ಮುಖ್ಯೋಪಾಧ್ಯಾಯರಾಗಿದ್ದರು’ ಎಂಬುದು ಸರಿ, ವರ್ಷಗಳೇ ಅದಕ್ಕೆ ಬೇಲಿ ಹಾಕಿವೆ. ‘ಒಳ್ಳೆಯವರಾಗಿದ್ದರು’ ಎಂಬುದಕ್ಕೆ ಬೇಲಿ ಇಲ್ಲ.

ತೀರಿಕೊಂಡವರ ವಿಷಯದಲ್ಲಿ ಇದರ ಉಲ್ಟಾ. ‘ಇಂದಿಗೂ ನಮಗೆ ಮಾರ್ಗದರ್ಶನ ಮಾಡುತ್ತಿದ್ದಾರೆ’ ಎಂದು ಹಳೆಯ ಲೇಖನದಿಂದ ಎತ್ತಿ ಹಾಕಿದರೆ ಮನೆಯವರ ಮನಸ್ಸು ಏನಾಗಬೇಕು? ಮೊದಲ ಸಲ ಹೆಸರು ಬಂದಲ್ಲೇ ಲಿಂ., ದಿ., ಮರಹೂಮ್, ಆಯಾ ಮನೆತನದ ರೂಢಿ ಕೇಳಿ ಹಾಕಿ. ಅನುಮಾನ ಇದ್ದರೆ ಒಂದು ಫೋನ್ ಮಾಡಿ. ‘ಸರ್ ಹ್ಯಾಂಗದಾರ್ರೀ?’ ಎಂದು ಕೇಳಲಿಕ್ಕೆ ಎರಡು ನಿಮಿಷ ಸಾಕು. ಈ ಒಂದು ಫೋನ್ ಉಳಿಸಲಿಕ್ಕೆ ಹೋಗಿ ಎಷ್ಟು ಸಂಚಿಕೆಗಳು ಮುಜುಗರಕ್ಕೆ ಸಿಕ್ಕಿವೆಯೋ!

ಎರಡು ಕಾಲ ಒಂದೇ ಕಡೆ ಸರಿಯಾಗಿ ಕೂಡುವುದು ಹೇಗೆಂದರೆ, ಗದುಗಿನ ವೀರೇಶ್ವರ ಪುಣ್ಯಾಶ್ರಮದ ಮಾತು ತೆಗೆದುಕೊಳ್ಳಿ. ಪುಟ್ಟರಾಜ ಗವಾಯಿಗಳು 2010ರ ಸೆಪ್ಟೆಂಬರ್ 17ರಂದು ಲಿಂಗೈಕ್ಯರಾದರು. ಅವರು ಅಂಧ ಮಕ್ಕಳಿಗೆ ಸಂಗೀತ ಕಲಿಸಿದರು, ಆಶ್ರಮ ಇಂದಿಗೂ ಕಲಿಸುತ್ತಿದೆ. ಕರ್ತೃ ಬದಲಾಯಿತು, ಕಾಲವೂ ಬದಲಾಯಿತು. ಕುಮಾರವ್ಯಾಸನ ಬಗ್ಗೆ ಮಕ್ಕಳು ಬರೆಯುವಾಗಲೂ ಹೀಗೇ. ವೀರನಾರಾಯಣನ ಗುಡಿಯಲ್ಲಿ ಕೂತು ಭಾರತ ‘ಬರೆದನು’ ಎಂಬುದು ಪ್ರತೀತಿ. ಆದರೆ ಆ ಕಾವ್ಯದ ಒಳಗೆ ಕರ್ಣ ತನ್ನ ಹುಟ್ಟಿನ ಗುಟ್ಟು ತಿಳಿದು ‘ಮರುಗುತ್ತಾನೆ’. ಪುಸ್ತಕ ತೆಗೆದಾಗಲೆಲ್ಲ ಮರುಗುತ್ತಾನೆ, ಅದಕ್ಕೆ ವರ್ತಮಾನ.

ಸಾಲಿಯ ಇತಿಹಾಸ: ಹಳೆಯ ಪುಸ್ತಕದ ನಕಲು ಅಪಾಯ

ಶತಮಾನೋತ್ಸವ ಬಂದಾಗ ಮಾಡುವ ಮೊದಲ ಕೆಲಸ ಹಳೆಯ ಸಂಚಿಕೆ ಹುಡುಕಿ ಅದರಿಂದ ‘ಶಾಲೆ ನಡೆದು ಬಂದ ದಾರಿ’ ಎತ್ತುವುದು. ನಮ್ಮ ಜಿಲ್ಲೆಯಲ್ಲಿ ಇದು ಬೇರೆ ಕಡೆಗಿಂತ ಹೆಚ್ಚು ತೊಡಕಿನದು. ನಮ್ಮ ಊರುಗಳು ಎದ್ದು ಎಲ್ಲಿಗೂ ಹೋಗಿಲ್ಲ, ಜಿಲ್ಲೆ-ತಾಲೂಕುಗಳೇ ಅವುಗಳ ಮೇಲೆ ಹಾದು ಹೋಗಿವೆ.

1956ರ ನವೆಂಬರ್ 1ಕ್ಕಿಂತ ಮೊದಲು ಗದಗ ಮುಂಬಯಿ ರಾಜ್ಯದಲ್ಲಿತ್ತು. ಆಮೇಲೆ ಮೈಸೂರು ರಾಜ್ಯ. 1973ರ ನವೆಂಬರ್ 1ರಂದು ಅದಕ್ಕೆ ಕರ್ನಾಟಕ ಎಂದು ಹೆಸರಾಯಿತು. 1997ರ ಆಗಸ್ಟ್‌ವರೆಗೆ ಗದಗ ಧಾರವಾಡ ಜಿಲ್ಲೆಯ ಒಂದು ತಾಲೂಕು, ಆಮೇಲೆ ಜಿಲ್ಲೆ. ಲಕ್ಷ್ಮೇಶ್ವರವಂತೂ 2018ರವರೆಗೆ ಶಿರಹಟ್ಟಿ ತಾಲೂಕಿನೊಳಗೆ ಇತ್ತು, ಈಗ ತಾನೇ ಒಂದು ತಾಲೂಕು.

1990ರ ಸಂಚಿಕೆಯಲ್ಲಿ ‘ನಮ್ಮ ಶಾಲೆಯು ಧಾರವಾಡ ಜಿಲ್ಲೆಯ ಗದಗ ತಾಲೂಕಿನಲ್ಲಿದೆ’ ಎಂದಿದ್ದರೆ ಅದು ತಪ್ಪಲ್ಲ, ಬರೆದ ದಿನಕ್ಕೆ ಸರಿ. ಅದೇ ವಾಕ್ಯವನ್ನು ಇವತ್ತಿನ ಪುಸ್ತಕಕ್ಕೆ ತಂದರೆ ಸುಳ್ಳು. ‘ಇದೆ’ಯನ್ನು ‘ಇತ್ತು’ ಮಾಡಿದರೂ ಅರ್ಧ ಕೆಲಸ. ಸಾಲಿಯೇ ಈಗ ಇಲ್ಲವೇನೋ ಅನ್ನಿಸುತ್ತದೆ. ‘ಶಾಲೆ ಶುರುವಾದಾಗ ಈ ಊರು ಧಾರವಾಡ ಜಿಲ್ಲೆಯಲ್ಲಿತ್ತು, 1997ರಿಂದ ಗದಗ ಜಿಲ್ಲೆಯಲ್ಲಿದೆ’ ಎಂದು ಎರಡು ಕಾಲವನ್ನೂ ವರ್ಷದ ಸಮೇತ ಇಡಬೇಕು.

ಕಾಲವನ್ನು ಕೆಡಿಸುವ ಇನ್ನೊಂದು ಜಾತಿಯ ಪದಗಳು ‘ಇತ್ತೀಚೆಗೆ, ಸದ್ಯ, ಕಳೆದ ವರ್ಷ, ಈಗಿನ ಅಧ್ಯಕ್ಷರು, ಹೊಸ ಕಟ್ಟಡ’. ಬರೆದ ತಿಂಗಳು ಇವು ಚೆನ್ನಾಗಿಯೇ ಇರುತ್ತವೆ. ಐದು ವರ್ಷ ಕಳೆದ ಮೇಲೆ ‘ಹೊಸ ಕಟ್ಟಡ’ದ ಗೋಡೆ ಬಿರುಕು ಬಿಟ್ಟಿರುತ್ತದೆ. ಇವುಗಳ ಜಾಗದಲ್ಲಿ ಇಸವಿ ಹಾಕಿ: ‘2024-25ನೇ ಸಾಲಿನಲ್ಲಿ’, ‘2021ರಲ್ಲಿ ಕಟ್ಟಿದ ಕೋಣೆ’. ನಮ್ಮ ಲಕ್ಕುಂಡಿಯ ಶಾಸನ ಕೆತ್ತಿಸಿದವರು ಸಹ ‘ಇತ್ತೀಚೆಗೆ ದಾನ ಕೊಟ್ಟರು’ ಎಂದು ಬಿಟ್ಟಿದ್ದರೆ ಅತ್ತಿಮಬ್ಬೆ ಬಸದಿ ಕಟ್ಟಿಸಿದ್ದು 1007ರಲ್ಲಿ ಎಂದು ಇವತ್ತು ಹೇಳಲಿಕ್ಕೆ ಆಗುತ್ತಿತ್ತೇನು? ಶಕವರ್ಷ ಹಾಕಿದ್ದರು, ಉಳಿಯಿತು.

ನಮ್ಮ ಮಾತು, ಪುಸ್ತಕದ ಮಾತು

ಮಕ್ಕಳು ಕಾಲ ತಪ್ಪುವುದಕ್ಕೆ ನಮ್ಮ ಭಾಗದಲ್ಲಿ ಒಂದು ವಿಶೇಷ ಕಾರಣ ಐತಿ. ‘ಅತಿಥಿಗಳು ಬಂದಾರ’ ಎಂದು ನಾವಂದರೆ ಅವರು ಬಂದು ಕೂತಿದ್ದಾರೆ ಎಂದರ್ಥ. ಪುಸ್ತಕದ ಕನ್ನಡದಲ್ಲಿ ಅದು ‘ಬಂದಿದ್ದಾರೆ’. ಹುಡುಗ ಅದನ್ನೇ ಪುಸ್ತಕದ ಧಾಟಿಗೆ ತರಲು ಹೋಗಿ ‘ಬಂದಾರು’ ಎಂದು ಬರೆಯುತ್ತಾನೆ. ‘ಬಂದಾರು’ ಎಂದರೆ ಬಂದರೂ ಬರಬಹುದು! ವ್ಯಾಕರಣದಲ್ಲಿ ಅದಕ್ಕೆ ಸಂಭಾವನಾರ್ಥಕ ಎನ್ನುತ್ತಾರೆ. ಬಂದು ಕೂತವರು ಬಂದರೂ ಬರಬಹುದಾದವರಾದರು. ‘ಮಾಡ್ಯಾರ’ಕ್ಕೂ ಹೀಗೇ. ಅದು ‘ಮಾಡಿದ್ದಾರೆ’ ಆಗಬೇಕು, ‘ಮಾಡಿಯಾರು’ ಅಲ್ಲ. ‘ಮಾಡಾಕತ್ತಾರ’ ಅಂದ್ರ ‘ಮಾಡುತ್ತಿದ್ದಾರೆ’, ‘ಮಾಡಾಕತ್ತಿದ್ರು’ ಅಂದ್ರ ‘ಮಾಡುತ್ತಿದ್ದರು’. ಹತ್ತಿಪ್ಪತ್ತು ಇಂಥ ಜೋಡಿಗಳನ್ನು ಬೋರ್ಡಿನ ಮೇಲೆ ಬರೆದು ತೋರಿಸಿದರೆ ಏಳನೇ ಇಯತ್ತೆಯ ಮಕ್ಕಳಿಗೆ ಒಂದೇ ತಾಸಿನಲ್ಲಿ ತಿಳಿಯುತ್ತದೆ.

ಇದರರ್ಥ ನಮ್ಮ ಮಾತು ಕೀಳು ಅಂತಲ್ಲ. ಇವತ್ತಿನ ಲಕ್ಷ್ಮೇಶ್ವರವೇ ಹಳೆಯ ಪುಲಿಗೆರೆ. ಕನ್ನಡದ ತಿರುಳು ಇರುವ ಊರುಗಳ ಹೆಸರು ಹೇಳುವಾಗ 9ನೇ ಶತಮಾನದ ಕವಿರಾಜಮಾರ್ಗ ಪುಲಿಗೆರೆಯನ್ನು ಬಿಟ್ಟಿಲ್ಲ. ಹಳೆಯ ವಿದ್ಯಾರ್ಥಿಗಳ ನೆನಪಿನ ಲೇಖನ ಪೂರಾ ನಮ್ಮ ಮಾತಿನಲ್ಲೇ ಬಂದರೆ ಬರಲಿ, ಓದಲಿಕ್ಕೆ ರುಚಿ. ಅರ್ಧ ‘ಹೋಗ್ತಿದ್ವಿ’, ಅರ್ಧ ‘ಹೋಗುತ್ತಿದ್ದೆವು’ ಬೇಡ.

ನೆನಪಿನ ಲೇಖನದಲ್ಲಿ ಇನ್ನೊಂದು ಎಚ್ಚರ ಬೇಕು. ದಿನಾ ನಡೆಯುತ್ತಿದ್ದದ್ದು ಬೇರೆ, ಒಂದು ದಿನ ನಡೆದದ್ದು ಬೇರೆ. ‘ಮಳೆಗಾಲದಲ್ಲಿ ಹಳ್ಳ ದಾಟಿ ಸಾಲಿಗೆ ಹೋಗುತ್ತಿದ್ದೆವು’ ಎಂಬುದು ದಿನದ ಮಾತು. ‘ಒಂದು ದಿನ ಹಳ್ಳ ತುಂಬಿ ಬಂತು, ದಂಡೆಯಲ್ಲೇ ನಿಂತೆವು’ ಎಂಬುದು ಆ ದಿನದ ಮಾತು. ‘ಒಂದು ದಿನ’ ಎಂದ ಮೇಲೂ ‘ನಿಲ್ಲುತ್ತಿದ್ದೆವು’ ಎಂದರೆ ಕಥೆ ಕಟ್ಟೆಯ ಮೇಲೇ ಕೂತುಬಿಡುತ್ತದೆ. ಕೆಲವರು ಕಥೆ ಹೇಳುವಾಗ ‘ಮಾಸ್ತರು ಬರ್ತಾರ, ಸುತ್ತ ನೋಡ್ತಾರ, ಬಡಿಗಿ ಹುಡುಕ್ತಾರ’ ಎಂದು ವರ್ತಮಾನದಲ್ಲೇ ಓಡಿಸುತ್ತಾರೆ. ಅದು ಚೆಂದವೇ. ಆ ಪ್ರಸಂಗ ಮುಗಿಯುವವರೆಗೆ ಅದೇ ಕಾಲ ಇರಲಿ, ನಡುವೆ ‘ಹೊಡೆದಿದ್ದರು’ ಎಂದು ಜಿಗಿಯಬೇಡಿ.

ಭಾಷಣದ ವರದಿ, ಫೋಟೊ, ಜಾಹೀರಾತು

ಅತಿಥಿಗಳು ಹೇಳಿದ್ದನ್ನು ಬರೆಯುವಾಗ ಇಂಗ್ಲಿಷ್ ಮಾಧ್ಯಮದ ಮಕ್ಕಳು ಒಂದು ತಪ್ಪು ಮಾಡುತ್ತಾರೆ. ‘ಹೇಳಿದರು’ ಭೂತಕಾಲ, ಆದ್ದರಿಂದ ಒಳಗಿನ ಮಾತೂ ಭೂತಕಾಲ ಆಗಬೇಕು ಎಂದು ತಿಳಿದು ‘ಶಿಕ್ಷಣ ಎಲ್ಲರಿಗೂ ಬೇಕಾಗಿತ್ತು ಎಂದರು’ ಎಂದು ಬರೆಯುತ್ತಾರೆ. ಆ ನಿಯಮ ಇಂಗ್ಲಿಷಿನದು. ಕನ್ನಡದಲ್ಲಿ ‘ಎಂದು’ವಿನ ಒಳಗಿನ ಮಾತು ಆಡಿದ ಹಾಗೇ ಇರುತ್ತದೆ. ‘ಶಿಕ್ಷಣ ಎಲ್ಲರಿಗೂ ಬೇಕು ಎಂದರು’, ‘ಗ್ರಂಥಾಲಯಕ್ಕೆ ಪುಸ್ತಕ ಕೊಡಿಸುತ್ತೇನೆ ಎಂದರು’. ಕೊನೆಯದಕ್ಕೆ ಸಂಪಾದಕರು ಒಂದು ಕೆಲಸ ಮಾಡಬಹುದು. ಪುಸ್ತಕ ಬಂದವೇನು ಎಂದು ವಿಚಾರಿಸಿ ಮುಂದಿನ ವಾಕ್ಯ ಬರೆಯುವುದು.

ಫೋಟೊ ಕೆಳಗಿನ ಸಾಲಿಗೆ ‘ಉದ್ಘಾಟಿಸುತ್ತಿರುವುದು’ ಎಂದೋ, ‘ಉದ್ಘಾಟಿಸಿದರು’ ಎಂದೋ ಒಂದನ್ನು ಹಿಡಿದು ಪುಸ್ತಕದ ಉದ್ದಕ್ಕೂ ಅದನ್ನೇ ಇಡಿ. ಎರಡನೆಯದರ ಜೊತೆ ‘ಇದ್ದರು’ ಸಲೀಸಾಗಿ ಕೂಡುತ್ತದೆ, ನಮ್ಮ ಮತ ಅದಕ್ಕೆ.

ಇನ್ನು ಅಂಗಡಿಯವರ ಪುಟ. ‘ಶುಭ ಕೋರುವವರು’ ಎಂಬುದಕ್ಕೆ ಕಾಲದ ಕಾಟ ಇಲ್ಲ. ಕಾಟ ಇರುವುದು ‘ಕಳೆದ 25 ವರ್ಷಗಳಿಂದ ನಿಮ್ಮ ಸೇವೆಯಲ್ಲಿ’ ಎಂಬ ಸಾಲಿಗೆ. ಪ್ರೆಸ್ಸಿನವರ ಕಂಪ್ಯೂಟರಿನಲ್ಲಿ ನಿಮ್ಮ ಜಾಹೀರಾತಿನ ಫೈಲ್ ಇರುತ್ತದೆ, ವರ್ಷವರ್ಷ ಅದೇ ಬರುತ್ತದೆ. ಹತ್ತು ವರ್ಷವಾದರೂ ಅಂಗಡಿಗೆ 25ರ ಪ್ರಾಯವೇ! ‘1999ರಿಂದ ನಿಮ್ಮ ಸೇವೆಯಲ್ಲಿ’ ಎಂದು ಒಮ್ಮೆ ಮಾಡಿಸಿಬಿಡಿ, ಮುಂದೆ ತಿದ್ದುವ ಗೋಜಿಲ್ಲ. ‘ಶೀಘ್ರದಲ್ಲೇ ನಮ್ಮ ಎರಡನೇ ಮಳಿಗೆ ಆರಂಭವಾಗಲಿದೆ’ ಎಂಬುದು ಮಳಿಗೆ ಶುರುವಾಗಿ ಎರಡು ವರ್ಷದ ಮೇಲೂ ಬರುವುದುಂಟು. ತೀರಿಕೊಂಡ ತಂದೆಯವರ ಹೆಸರು ‘ಪ್ರೊಪ್ರೈಟರ್’ ಎಂದೇ ಉಳಿದಿದ್ದರೆ ಅದನ್ನೂ ನೋಡಿ. ‘ಸಂಸ್ಥಾಪಕರು: ಲಿಂ.’ ಎಂದು ಮೇಲೆ ಹಾಕಿ, ಈಗ ನಡೆಸುವವರ ಹೆಸರನ್ನು ಕೆಳಗೆ ಹಾಕಿಸಿ. ಸಾಲಿಯ ಹುಡುಗರು ಜಾಹೀರಾತು ಕೇಳಿಕೊಂಡು ಬಂದಾಗ ‘ಹೋದ ವರ್ಷದ್ದೇ ಹಾಕ್ರಪಾ’ ಎಂದು ಕಳಿಸುವ ಮೊದಲು ಹೋದ ವರ್ಷದ್ದನ್ನು ಒಮ್ಮೆ ಓದಿ.

ಪ್ರೂಫ್ ಬಂದ ದಿನ

ಕನ್ನಡದಲ್ಲಿ ಒಂದು ಅನುಕೂಲ ಐತಿ. ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೇ ಬರುತ್ತದೆ. ‘ಬಂದು, ನೋಡಿ, ಮಾತನಾಡಿಸಿ ಹೋದರು’ ಎಂಬಲ್ಲಿ ಮೊದಲ ಮೂರಕ್ಕೆ ತಮ್ಮದೇ ಕಾಲ ಇಲ್ಲ. ಕಾಲ ಇರುವುದು ‘ಹೋದರು’ ಒಂದಕ್ಕೇ. ಅದನ್ನು ‘ಹೋಗುತ್ತಾರೆ’ ಮಾಡಿದರೆ ಮುಂದಿನವೆಲ್ಲ ಸುಮ್ಮನೆ ಅದರ ಹಿಂದೆ ನಡೆಯುತ್ತವೆ. ಹಾಗಾಗಿ ಕಾಲ ನೋಡಲಿಕ್ಕೆ ಇಡೀ ಪುಟ ಓದಬೇಕಿಲ್ಲ. ಪ್ರತಿ ವಾಕ್ಯದ ಕೊನೆಯ ಪದಕ್ಕೆ ಗೆರೆ ಎಳೆಯುತ್ತಾ ಹೋಗಿ. ಭೂತಕ್ಕೆ ಕೆಂಪು, ವರ್ತಮಾನಕ್ಕೆ ನೀಲಿ, ಮುಂದಿನದಕ್ಕೆ ಹಸಿರು. ಕೆಂಪು ಪುಟದಲ್ಲಿ ಒಂದೇ ಒಂದು ಹಸಿರು ಕಂಡರೆ ಅಲ್ಲಿ ನಿಂತು ವಿಚಾರ ಮಾಡಿ. ಈ ಕೆಲಸವನ್ನು ಮಕ್ಕಳ ಕೈಯಲ್ಲೇ ಮಾಡಿಸಿ, ಬರೆದವನ ಹಾಳೆ ಬರೆದವನಿಗೆ ಕೊಡದೆ ಪಕ್ಕದವನಿಗೆ ಕೊಟ್ಟರೆ ಆಯಿತು.

ಡಿಟಿಪಿ ಮಾಡುವವರಿಗೆ ಹೇಳಿ ಫೈಲಿನಲ್ಲಿ ‘ಲಿದೆ’, ‘ಲಿದ್ದಾರೆ’, ‘ಇತ್ತೀಚೆಗೆ’, ‘ಕಳೆದ’ ಎಂಬ ನಾಲ್ಕನ್ನು ಹುಡುಕಿಸಿ. ಸಿಕ್ಕಲ್ಲೆಲ್ಲ ತಪ್ಪಿರುತ್ತದೆ ಅಂತಲ್ಲ, ಸಿಕ್ಕಲ್ಲೆಲ್ಲ ನೋಡಬೇಕು. ಫೈಲ್ ನುಡಿಯ ಹಳೆಯ ಫಾಂಟಿನಲ್ಲಿದ್ದು ನೀವು ಯೂನಿಕೋಡಿನಲ್ಲಿ ಟೈಪ್ ಮಾಡಿ ಹುಡುಕಿದರೆ ಏನೂ ಸಿಗುವುದಿಲ್ಲ. ತಪ್ಪೇ ಇಲ್ಲ ಎಂದು ಖುಷಿಪಡಬೇಡಿ, ಫೈಲ್ ಯಾವ ಫಾಂಟಿನಲ್ಲಿದೆಯೋ ಅದರಲ್ಲೇ ಟೈಪ್ ಮಾಡಿ ಹುಡುಕಿಸಿ.

ಕೊನೆಯ ಪ್ರೂಫ್ ಮೇಲೆ ಸಹಿ ಹಾಕುವಾಗ ದಿನಾಂಕವನ್ನೂ ಬರೆಯಿರಿ. ಬಿಡುಗಡೆಯ ದಿನ ಮುಂದಕ್ಕೆ ಹೋದರೆ ಪ್ರೆಸ್ಸಿಗೆ ಫೋನ್ ಮಾಡಿ ಅಚ್ಚು ನಿಲ್ಲಿಸಿ, ಮೊದಲ ಪುಟದ ತಾರೀಖು ಮತ್ತು ‘ಲಿದೆ’ ಎಂದಿರುವ ವಾಕ್ಯಗಳನ್ನಷ್ಟೇ ಮತ್ತೊಮ್ಮೆ ತರಿಸಿ ನೋಡಿ. ಪುಟ ಅಚ್ಚಾಗಿ ಹೊಲಿಗೆ ಬಿದ್ದ ಮೇಲೆ ತಪ್ಪೋಲೆ ಅಂಟಿಸುವುದೊಂದೇ ದಾರಿ.